ಒರೆ ಸೊಂಟಕ್ಕೆ ಯಾಕೆ ಒಗ್ಗುತ್ತಿಲ್ಲ? ಕೈಹೊಲಿಗೆಯ ಚರ್ಮದ ಒರೆಯಲ್ಲಿ ದೋಷ ಹುಡುಕುವ ಬಗೆ

ಕಾಫಿ ಕೊಯ್ಲು ಮುಗಿದು ಗಿಡಕಸಿ, ಅಂದರೆ ಕೊಂಬೆ ಸವರುವ ಕೆಲಸ, ಶುರುವಾದ ವಾರ. ಪಕ್ಕದ ತೋಟದವರು ಒಂದು ಒರೆ ಹಿಡಿದುಕೊಂಡು ನಮ್ಮ ಜಗಲಿಗೆ ಬಂದರು. ಪ್ರೂನಿಂಗ್ ಕತ್ತರಿ ಇಟ್ಟುಕೊಳ್ಳುವ ಚರ್ಮದ ಒರೆ, ಹಿಂದಿನ ವರ್ಷ ನಾನೇ ಹೊಲಿದು ಕೊಟ್ಟದ್ದು. "ಕೂತರೆ ಪಕ್ಕೆಗೆ ಚುಚ್ಚುತ್ತೆ ಮಾರಾಯ್ರೆ, ಮೇಲಿನ ಅಂಚು ಸ್ವಲ್ಪ ಕತ್ತರಿಸಿ ಕೊಡಿ" ಅಂದರು. ನಾನೂ ಹಿಂದೆಮುಂದೆ ನೋಡದೆ ಚರ್ಮ ಕೊಯ್ಯುವ ರಂಪಿಗೆ ತೆಗೆದು ಎರಡು ಸೆಂಟಿಮೀಟರ್ ಕತ್ತರಿಸಿ ಕೊಟ್ಟೆ.

ಮೂರೇ ದಿನಕ್ಕೆ ವಾಪಸ್ ಬಂದರು. ಚುಚ್ಚುವುದು ನಿಂತಿರಲಿಲ್ಲ. ಅದರ ಜೊತೆಗೆ, ಬಾಗಿದಾಗ ಕತ್ತರಿ ಜಾರಿ ಬೀಳಲು ಶುರುವಾಗಿತ್ತು.

ಆಗ ಬುದ್ಧಿ ಬಂತು. ಅವರನ್ನು ಅವರದೇ ಜೀಪಿನಲ್ಲಿ ಕೂರಿಸಿ ಪಕ್ಕದಲ್ಲಿ ನಿಂತು ನೋಡಿದೆ. ಒರೆಯ ತಳ ಸೀಟಿಗೆ ತಾಗಿ ನಿಂತಿತ್ತು. ಮೈ ಕೆಳಗಿಳಿದಂತೆಲ್ಲ ಸೀಟು ಒರೆಯನ್ನು ಮೇಲಕ್ಕೆ ತಳ್ಳುತ್ತಿತ್ತು. ಚುಚ್ಚುತ್ತಿದ್ದದ್ದು ಮೇಲಿನ ಅಂಚು, ಆದರೆ ತಪ್ಪಿದ್ದದ್ದು ಕೆಳಗೆ. ನಾನು ಕತ್ತರಿಸಿದ್ದು ಸರಿಯಾಗಿದ್ದ ಭಾಗವನ್ನೇ.

ಆಮೇಲೆ ಎಷ್ಟೋ ಒರೆ ಬಿಚ್ಚಿ ಹೊಲಿದಿದ್ದೇನೆ. ಕತ್ತರಿಯದ್ದು, ಕಸಿ ಚಾಕುವಿನದ್ದು, ಮಡಚುವ ಗರಗಸದ್ದು. ಹೆಚ್ಚುಕಮ್ಮಿ ಎಲ್ಲದರಲ್ಲೂ ಇದೇ ಕತೆ. ನೋವು ಒಂದು ಕಡೆ, ದೋಷ ಇನ್ನೊಂದು ಕಡೆ. ಹಾಗಾಗಿ ಈ ಬರಹದಲ್ಲಿ ದೂರಿನಿಂದ ಹೊರಟು ದೋಷದವರೆಗೆ ಹೋಗುತ್ತೇನೆ. ಕತ್ತಿ ಕೈಗೆ ತೆಗೆದುಕೊಳ್ಳುವುದು ಕೊನೆಗೆ.

ಮೊದಲು ಸೀಮೆಸುಣ್ಣ

ಒರೆಯ ಹಿಂಬದಿಗೆ, ಅಂದರೆ ಮೈಗೆ ತಾಗುವ ಬದಿಗೆ, ಸೀಮೆಸುಣ್ಣವನ್ನು ದಪ್ಪಗೆ ಉಜ್ಜಿ. ಗಾಢ ಬಣ್ಣದ ಪ್ಯಾಂಟು ಹಾಕಿಕೊಳ್ಳಿ. ಕತ್ತರಿ ಇಟ್ಟುಕೊಂಡೇ ಅರ್ಧ ಗಂಟೆ ಮಾಮೂಲಿ ಕೆಲಸ ಮಾಡಿ. ನಡೆಯಿರಿ, ಕುಕ್ಕರಗಾಲಲ್ಲಿ ಕೂರಿ, ಮೆಟ್ಟಿಲು ಹತ್ತಿ, ಬೈಕೋ ಜೀಪೋ ಏನಿದೆಯೋ ಅದರಲ್ಲಿ ಕೂರಿ. ಆಮೇಲೆ ಪ್ಯಾಂಟನ್ನು ನೋಡಿ.

ಬಿಳಿ ಗುರುತು ಅಂಗೈಯಗಲ, ತೆಳುವಾಗಿ, ಒಂದೇ ಸಮ ಬಿದ್ದಿದ್ದರೆ ಹಿಂಬದಿ ಸರಿ ಇದೆ. ಒಂದೇ ಚುಕ್ಕಿ ದಟ್ಟವಾಗಿದ್ದರೆ ಅಲ್ಲಿ ರಿವೆಟ್ ತಲೆಯೋ ಗಂಟೋ ಇದೆ. ಗುರುತು ಎರಡು ಉದ್ದ ಗೆರೆಯಾಗಿದ್ದರೆ ಒರೆ ಹಲಗೆಯ ಹಾಗೆ ಚಪ್ಪಟೆಯಾಗಿದೆ, ಅಂಚುಗಳು ಮಾತ್ರ ಮೈಗೆ ತಾಗುತ್ತಿವೆ. ಗುರುತು ಚದುರಿ ಹರಡಿದ್ದರೆ ಒರೆ ನಿಂತಲ್ಲಿ ನಿಲ್ಲುತ್ತಿಲ್ಲ, ಅಲ್ಲಾಡುತ್ತಿದೆ.

ಇದೇ ಪರೀಕ್ಷೆಯನ್ನು ಕತ್ತರಿ ಇಲ್ಲದ ಖಾಲಿ ಒರೆಯಲ್ಲೂ ಮಾಡಿ. ಖಾಲಿ ಇದ್ದಾಗ ಹಿತವಾಗಿದ್ದು ಕತ್ತರಿ ಇಟ್ಟಾಗ ನೋವಾದರೆ ತೂಕ ಅಥವಾ ಉಬ್ಬು ಕಾರಣ. ಖಾಲಿ ಇದ್ದಾಗಲೂ ನೋವಾದರೆ ಚರ್ಮದ ಆಕಾರವೋ ಬೆಲ್ಟೋ ಕಾರಣ. ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ.

ಕೂತಾಗ ಪಕ್ಕೆಗೆ ಚುಚ್ಚುತ್ತದೆ

ಕುರ್ಚಿಯಲ್ಲಿ ಕೂತು, ಬೆಲ್ಟಿನ ಕೆಳ ಅಂಚಿನಿಂದ ಸೀಟಿನವರೆಗೆ ಟೇಪು ಹಿಡಿಯಿರಿ. ನನಗೆ ಇದು 17 ಸೆಂಟಿಮೀಟರ್ ಬರುತ್ತದೆ. ಪಕ್ಕದ ತೋಟದವರಿಗೆ ಅವರ ಜೀಪಿನಲ್ಲಿ 16 ಬಂತು. ಅವರ ಒರೆಯ ತಳ ಬೆಲ್ಟಿನಿಂದ 20 ಸೆಂಟಿಮೀಟರ್ ಕೆಳಗೆ ನೇತಾಡುತ್ತಿತ್ತು. ನಾಲ್ಕು ಸೆಂಟಿಮೀಟರ್ ಎಲ್ಲಿಗೆ ಹೋಗಬೇಕು? ಮೇಲಕ್ಕೇ ಹೋಗಬೇಕು.

ಹಾಗಾಗಿ ತಳ ಸೀಟಿಗಿಂತ ಕನಿಷ್ಠ ಎರಡು ಸೆಂಟಿಮೀಟರ್ ಮೇಲಿರಲಿ. ಮೆತ್ತನೆ ಸೀಟಾದರೆ ಮೂರು ಬಿಡಿ, ಯಾಕೆಂದರೆ ಮೈ ಕುಸಿಯುತ್ತದೆ.

ಇದನ್ನು ಸರಿಪಡಿಸಲು ಒರೆಯನ್ನು ಗಿಡ್ಡ ಮಾಡಬೇಕಿಲ್ಲ. ಬೆಲ್ಟ್ ತೂರಿಸುವ ಸೀಳುಗಳನ್ನು ಕೆಳಗೆ ಇಳಿಸಿದರೆ ಒರೆ ತಾನೇ ಮೇಲೇರುತ್ತದೆ. ಅವರ ಒರೆಯ ಹಿಂಬದಿಗೆ ಹೊಸ ಪಟ್ಟಿ ಹೊಲಿದು, ಸೀಳನ್ನು 6 ಸೆಂಟಿಮೀಟರ್ ಕೆಳಗೆ ಕೊರೆದೆ. ತಳ 14ಕ್ಕೆ ಬಂತು. ಚುಚ್ಚುವುದು ಅಲ್ಲಿಗೆ ನಿಂತಿತು.

ಆದರೆ ಇದು ಕೊಟ್ಟು ತಗೊಳ್ಳುವ ವ್ಯವಹಾರ. ಒರೆ ಮೇಲೇರಿದರೆ ಹಿಡಿಯೂ ಮೇಲೇರುತ್ತದೆ. ಆಗ ಕತ್ತರಿ ಎಳೆಯಲು ಮೊಣಕೈಯನ್ನು ಎತ್ತಬೇಕು. ದಿನಕ್ಕೆ ನೂರಾರು ಸಲ ಎತ್ತಿದರೆ ಸಂಜೆ ಭುಜ ನೋಯುತ್ತದೆ. ಆ ನೋವು ಒರೆಯಿಂದ ಬಂದದ್ದು ಅಂತ ಯಾರಿಗೂ ಹೊಳೆಯುವುದಿಲ್ಲ, ಗಿಡ ಕತ್ತರಿಸಿದ್ದಕ್ಕೆ ಅಂದುಕೊಳ್ಳುತ್ತಾರೆ. ಅಲ್ವಾ?

ಇದಕ್ಕೆ ಮದ್ದು ಓರೆ. ಒರೆಯನ್ನು ನೇರ ನಿಲ್ಲಿಸದೆ ಹಿಡಿ ಮುಂದಕ್ಕೆ ವಾಲುವಂತೆ 10ರಿಂದ 15 ಡಿಗ್ರಿ ಓರೆ ಮಾಡಿದರೆ ಕೈ ಸಹಜವಾಗಿ ಹಿಡಿಗೆ ಹೋಗುತ್ತದೆ. ಎಷ್ಟು ಓರೆ ಬೇಕು ಅಂತ ಕಾಗದದಲ್ಲಿ ಲೆಕ್ಕ ಹಾಕುತ್ತಾ ಕೂರಬೇಡಿ. ರಟ್ಟಿನಲ್ಲಿ ಒರೆಯ ಆಕಾರ ಕತ್ತರಿಸಿ, ಬೆಲ್ಟಿಗೆ ಟೇಪು ಸುತ್ತಿ ಅಂಟಿಸಿ, ಕಣ್ಣು ಮುಚ್ಚಿ ಹತ್ತು ಸಲ ಕೈ ಹಾಕಿ. ಕೈ ತಡಕಾಡದೆ ಹೋಗಿ ತಾಗುವ ಕೋನವೇ ನಿಮ್ಮ ಕೋನ.

ದಿನವಿಡೀ ವಾಹನ ಹತ್ತಿ ಇಳಿಯುವವರಿಗೆ ಇನ್ನೊಂದು ದಾರಿ ಇದೆ. ಬೆಲ್ಟಿಗೊಂದು ಪಟ್ಟಿ, ಅದರ ತುದಿಗೆ ಡಿ ಆಕಾರದ ರಿಂಗು, ರಿಂಗಿನಿಂದ ಇಳಿಬಿದ್ದ ಒರೆ. ಕೂತಾಗ ಒರೆ ತಾನೇ ಪಕ್ಕಕ್ಕೆ ಹೊರಳಿ ಸೀಟಿನ ಮೇಲೆ ಮಲಗುತ್ತದೆ. ನಡೆಯುವಾಗ ಮಾತ್ರ ತೊಡೆಗೆ ತಪ್ ತಪ್ ಅಂತ ಹೊಡೆಯುತ್ತದೆ. ನನಗಂತೂ ಆ ಸದ್ದು ಆಗುವುದಿಲ್ಲ. ಕೆಲವರಿಗೆ ಅದೇ ಇಷ್ಟ.

ಸೊಂಟದ ಮೂಳೆ ನೋಯುತ್ತದೆ

ಸೀಮೆಸುಣ್ಣ ಎರಡು ಗೆರೆ ತೋರಿಸಿತು ಅಂತಿಟ್ಟುಕೊಳ್ಳಿ. ಸೊಂಟ ದುಂಡಗಿದೆ, ಒರೆ ಚಪ್ಪಟೆ ಇದೆ. ಅಷ್ಟೇ ವಿಷಯ.

ಬೆಲ್ಟ್ ಸೀಳುಗಳು ಎಷ್ಟು ದೂರ ಇವೆ ನೋಡಿ. ಒರೆಯ ಹಿಂದೆ ಒಂದೇ ಕುಣಿಕೆ ಇದ್ದರೆ ಬೆಲ್ಟು ಒರೆಯನ್ನು ನಡುವಿನಲ್ಲಿ ಮಾತ್ರ ಹಿಡಿಯುತ್ತದೆ. ಆಗ ಎರಡೂ ಪಕ್ಕ ಎದ್ದು ನಿಲ್ಲುತ್ತವೆ. ಕತ್ತರಿಯ ಎರಡೂ ಬದಿಗೆ ಒಂದೊಂದು ಸೀಳು, ನಡುವೆ 10–11 ಸೆಂಟಿಮೀಟರ್ ಅಂತರ ಇದ್ದರೆ ಬೆಲ್ಟು ಬಿಗಿದಾಗ ಎರಡು ರೆಕ್ಕೆಗಳೂ ಮೈಗೆ ಸುತ್ತಿಕೊಳ್ಳುತ್ತವೆ. ಒಂದು ಕುಣಿಕೆಯ ಒರೆ ಹೊಲಿಯುವುದು ಸುಲಭ. ಹೊಸಬರು ಅದನ್ನೇ ಹೊಲಿಯುತ್ತಾರೆ, ನಾನೂ ಹೊಲಿದೆ. ಈಗ ಹೊಲಿಯುವುದಿಲ್ಲ.

ಎರಡು ಸೀಳಿದ್ದೂ ಗೆರೆ ಬಿದ್ದರೆ ಚರ್ಮಕ್ಕೇ ಬಾಗು ಕೊಡಬೇಕು. ಒರೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಗುಳ್ಳೆ ಬರುವುದು ನಿಂತ ಮೇಲೆ ತೆಗೆಯಿರಿ. ಒಂದಷ್ಟು ಹೊತ್ತು ಬಿಟ್ಟರೆ ಮೇಲ್ಮೈಯ ಬಣ್ಣ ತುಸು ತಿಳಿಯಾಗುತ್ತದೆ. ಆಗ ಅದನ್ನು ತಾಮ್ರದ ಕೊಡದ ಹೊಟ್ಟೆಗೆ ಒರಗಿಸಿ, ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ಕಟ್ಟಿ ಬಿಡಿ. ನೆರಳಿನಲ್ಲಿ ಎರಡು ದಿನ. ಕೊಡದ ಬಾಗು ಸೊಂಟದ ಬಾಗಿಗೆ ಎಷ್ಟು ಹತ್ತಿರ ಅಂದರೆ, ನಮ್ಮ ಹೆಂಗಸರು ಅದನ್ನು ಸೊಂಟದ ಮೇಲೆ ಇಟ್ಟುಕೊಂಡು ನಡೆದದ್ದು ಸುಮ್ನೆ ಅಲ್ಲ.

ಅವಸರಕ್ಕೆ ಬಿಸಿ ತಾಗಿಸಬೇಡಿ. ನನ್ನ ಒಂದು ಒರೆಯನ್ನು ಬಚ್ಚಲ ಹಂಡೆ ಒಲೆಯ ಪಕ್ಕ ಒಣಗಲು ಇಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಕರಿದ ಹಪ್ಪಳದ ಹಾಗೆ ಮುರುಟಿತ್ತು. ಒದ್ದೆ ಚರ್ಮಕ್ಕೆ ಬಿಸಿ ಜಾಸ್ತಿಯಾದರೆ ಒಳಗಿನ ನಾರು ಕುಗ್ಗಿ ಹೋಗುತ್ತದೆ. ಮತ್ತೆ ನೀರು ಹಾಕಿದರೆ ಅದು ಹಿಗ್ಗುವುದಿಲ್ಲ.

ಇನ್ನು ಉಬ್ಬಿನ ವಿಷಯ. ಒರೆಯನ್ನು ಮೇಜಿನ ಮೇಲೆ ಬೆನ್ನು ಕೆಳಗೆ ಮಾಡಿ ಇಡಿ. ತೂಗಿದರೆ ಕತ್ತರಿಯ ಉಬ್ಬು ಹಿಂದಕ್ಕೂ ಬಂದಿದೆ ಅಂತ ಅರ್ಥ. ಎರಡು ತುಂಡನ್ನೂ ಒಂದೇ ಅಳತೆಗೆ ಕತ್ತರಿಸಿ ಹೊಲಿದರೆ ಉಬ್ಬು ಎರಡೂ ಬದಿಗೆ ಸಮನಾಗಿ ಹಂಚಿಹೋಗುತ್ತದೆ. ಅರ್ಧ ಉಬ್ಬು ನಿಮ್ಮ ಮೂಳೆಯ ಮೇಲೆ. ಹಿಂಬದಿ ತುಂಡನ್ನು ಚಪ್ಪಟೆಯಾಗಿ ಬಿಟ್ಟು, ಮುಂದಿನದ್ದನ್ನು ಅಗಲ ಜಾಸ್ತಿ ಕತ್ತರಿಸಿ, ಉಬ್ಬೆಲ್ಲ ಹೊರಗೆ ಬರುವಂತೆ ಮಾಡಬೇಕು. ಇದು ಹೊಲಿದ ಮೇಲೆ ಸರಿಮಾಡುವ ದೋಷವಲ್ಲ. ಮುಂದಿನ ತುಂಡನ್ನು ಬಿಚ್ಚಿ ಹೊಸದು ಕತ್ತರಿಸಬೇಕು.

ರಿವೆಟ್ ತಲೆ ಚುಚ್ಚುತ್ತಿದ್ದರೆ ಹಿಂಬದಿಗೆ ಒಂದು ಮಿಲಿಮೀಟರಿನ ತೆಳು ಚರ್ಮ ಅಂಟಿಸಿ. ಅಂಚು ಕೊರೆಯುತ್ತಿದ್ದರೆ ಪಾಲಿಶ್ ಪೇಪರಿನಲ್ಲಿ ದುಂಡಗೆ ಉಜ್ಜಿ, ಸ್ವಲ್ಪ ನೀರು ಹಚ್ಚಿ, ಮರದ ತುಂಡಿನಿಂದ ಹೊಳಪು ಬರುವವರೆಗೆ ತಿಕ್ಕಿ.

ಬಾಗಿದಾಗ ತೂಗಾಡುತ್ತದೆ

ಇಲ್ಲಿ ಒರೆಯನ್ನು ಬೈಯುವ ಮೊದಲು ಬೆಲ್ಟು ನೋಡಿ. ಅಂಗಡಿಯಲ್ಲಿ ಸಿಗುವ ತೆಳು ರೆಕ್ಸಿನ್ ಬೆಲ್ಟು 30 ಮಿಲಿಮೀಟರ್ ಅಗಲ ಇರುತ್ತದೆ. ಅದಕ್ಕೆ ಕಾಲು ಕೆಜಿ ನೇತುಹಾಕಿದರೆ ಹಗ್ಗದ ಹಾಗೆ ತಿರುಚಿಕೊಳ್ಳುತ್ತದೆ. ಪರೀಕ್ಷೆ ಸುಲಭ. ಬೆಲ್ಟನ್ನು ಪಕ್ಕಕ್ಕೆ ಮಲಗಿಸಿ, ಅಂದರೆ ಅಗಲ ನೆಟ್ಟಗೆ ನಿಲ್ಲುವಂತೆ ಹಿಡಿದು, ಒಂದು ಅಡಿ ಉದ್ದ ಗಾಳಿಯಲ್ಲಿ ಚಾಚಿ. ತುದಿ ತಕ್ಷಣ ತಿರುಚಿ ಬಿದ್ದರೆ ಒರೆಗೆ ಆ ಬೆಲ್ಟು ಸಾಲದು. 38ರಿಂದ 40 ಮಿಲಿಮೀಟರ್ ಅಗಲ, 4 ಮಿಲಿಮೀಟರ್ ದಪ್ಪದ ಚರ್ಮದ ಬೆಲ್ಟು ಬೇಕು.

ಬೆಲ್ಟು ಗಟ್ಟಿ ಇದ್ದೂ ತೂಗಿದರೆ ಸೀಳು ಅಳೆಯಿರಿ. 38ರ ಬೆಲ್ಟಿಗೆ 40ರ ಸೀಳು ಸಾಕು. 45 ಇದ್ದರೆ ಒರೆ ಪ್ರತಿ ಹೆಜ್ಜೆಗೂ ಮೇಲೆ ಕೆಳಗೆ ಕುಣಿಯುತ್ತದೆ. ಸೀಳನ್ನು ಚಿಕ್ಕದು ಮಾಡಲು ಕೆಳ ತುದಿಯಲ್ಲಿ ಒಂದು ಚರ್ಮದ ತುಣುಕು ತೂರಿಸಿ ನಾಲ್ಕು ಹೊಲಿಗೆ ಹಾಕಿದರಾಯಿತು. ಅಂದಕ್ಕೆ ಕೊರತೆ, ಕೆಲಸಕ್ಕಲ್ಲ.

ಒಂದು ಸಣ್ಣ ಕತೆ. ಬ್ರಿಟಿಷರ ಕಾಲದ ಇಂಡಿಯಾ ಸೇನೆಯಲ್ಲಿ ಸ್ಯಾಮ್ ಬ್ರೌನ್ ಅಂತ ಒಬ್ಬ ಅಧಿಕಾರಿ ಇದ್ದ. 1858ರ ಕಾಳಗದಲ್ಲಿ ಎಡಗೈ ಕಳೆದುಕೊಂಡ. ಆ ಕಾಲದ ಖಡ್ಗದ ಒರೆ ಸಡಿಲವಾಗಿ ನೇತಾಡುತ್ತಿತ್ತು. ಎಡಗೈಯಲ್ಲಿ ಒರೆ ಹಿಡಿದು ಬಲಗೈಯಲ್ಲಿ ಖಡ್ಗ ಎಳೆಯಬೇಕಿತ್ತು. ಎಡಗೈಯೇ ಇಲ್ಲ ಅಂದ ಮೇಲೆ? ಒರೆ ಅಲ್ಲಾಡದಂತೆ ಅಗಲ ಬೆಲ್ಟು, ತೂಕ ಹೊರಲು ಬಲ ಭುಜದ ಮೇಲಿಂದ ಓರೆ ಪಟ್ಟಿ ಬಂತು. ಅದಕ್ಕೆ ಅವನದೇ ಹೆಸರು ಉಳಿಯಿತು. ನಮ್ಮ ಪೊಲೀಸ್ ಅಧಿಕಾರಿಗಳು ಪರೇಡಿನಲ್ಲಿ ಹಾಕುವ ಕ್ರಾಸ್ ಬೆಲ್ಟು ಅದೇ. ನಮ್ಮ ಕತ್ತರಿಗೆ ಭುಜದ ಪಟ್ಟಿ ಬೇಡ. ಆದರೆ ಒರೆ ಒಂದೇ ಕೈಯಲ್ಲಿ ಎಳೆದರೂ ಅಲ್ಲಾಡಬಾರದು ಅನ್ನುವ ಅಳತೆಗೋಲು ಇವತ್ತಿಗೂ ಸರಿ. ಎಡಗೈ ಬೆನ್ನ ಹಿಂದೆ ಇಟ್ಟು ಕತ್ತರಿ ಎಳೆದು, ಮತ್ತೆ ನೋಡದೆ ಒಳಗಿಡಿ. ಎರಡೂ ಆದರೆ ಒರೆ ಪಾಸು.

ಕತ್ತರಿ ಬಿಗಿಯಾಗಿದೆ, ಅಥವಾ ಬೀಳುತ್ತದೆ

ಹೊಸ ಒರೆ ಬಿಗಿ ಇದ್ದರೆ ಹೆದರಬೇಡಿ. ಕತ್ತರಿಗೆ ಎರಡು ಸುತ್ತು ತೆಳು ರಟ್ಟು, ಮೇಲೊಂದು ಪ್ಲಾಸ್ಟಿಕ್ ಕವರು ಸುತ್ತಿ ಒಳಗೆ ತುರುಕಿ ಒಂದು ರಾತ್ರಿ ಬಿಡಿ. ಮಾರನೇ ದಿನಕ್ಕೆ ಸರಿಹೋಗುತ್ತದೆ. ಎಣ್ಣೆ ಹಾಕಿ ಸಡಿಲ ಮಾಡುವವರಿದ್ದಾರೆ. ಅದು ಒಂದು ಸಲ ಸಡಿಲವಾದರೆ ಮತ್ತೆ ಬಿಗಿಯಾಗುವುದಿಲ್ಲ.

ಬೀಳುವ ಒರೆಯಲ್ಲಿ ಮೊದಲು ಹೊಲಿಗೆಯ ಲೆಕ್ಕ ನೋಡಿ. ಎರಡು ತುಂಡು ಸಮ ಅಳತೆಯ ಒರೆಯಾದರೆ, ಕತ್ತರಿಯ ಅಂಚಿನ ಗೆರೆಯಿಂದ ಹೊಲಿಗೆಗೆ ಇರಬೇಕಾದ ದೂರ ಕತ್ತರಿಯ ದಪ್ಪದ ಅರ್ಧ, ಅದಕ್ಕೆ ಚರ್ಮದ ದಪ್ಪ ಸೇರಿಸಿದಷ್ಟು. ಕತ್ತರಿ 22 ಮಿಲಿಮೀಟರ್ ದಪ್ಪ, ಚರ್ಮ 3 ಮಿಲಿಮೀಟರ್ ಅಂದರೆ 11 ಮತ್ತು 3, ಒಟ್ಟು 14. ಅದಕ್ಕಿಂತ ಎರಡು ಮೂರು ಮಿಲಿಮೀಟರ್ ದೂರ ಹೋಗಿದ್ದರೆ ಒಳಗಡೆ ಇನ್ನೊಂದು ಸಾಲು ಹೊಲಿಯಿರಿ, ಆಮೇಲೆ ಒದ್ದೆ ಮಾಡಿ ಕತ್ತರಿಯ ಆಕಾರಕ್ಕೆ ಬೆರಳಿನಿಂದ ಒತ್ತಿ. ಹಿಂಬದಿ ಚಪ್ಪಟೆ ಇರುವ ಒರೆಗೆ ಈ ಲೆಕ್ಕ ನಡೆಯದು. ಅಲ್ಲಿ ಮುಂದಿನ ತುಂಡಿಗೆ ಎರಡೂ ಬದಿ ಕತ್ತರಿಯ ಪೂರ್ತಿ ದಪ್ಪದಷ್ಟು ಹೆಚ್ಚುವರಿ ಅಗಲ ಕೊಡಬೇಕು.

ಒಂದು ಒರೆ ನನ್ನನ್ನು ತುಂಬಾ ಸತಾಯಿಸಿತು. ಹೊಸದರಲ್ಲಿ ಚೆನ್ನಾಗಿತ್ತು. ಎರಡು ತಿಂಗಳಿಗೆ ಬಾಯಿ ಅಗಲವಾಯಿತು. ಒದ್ದೆ ಮಾಡಿ ಒತ್ತಿದೆ, ಮತ್ತೆ ಅಗಲವಾಯಿತು. ಚರ್ಮ ಕೆಟ್ಟದ್ದು ಅಂತ ಅಂಗಡಿಯವನನ್ನು ಮನಸ್ಸಿನಲ್ಲೇ ಬೈದುಕೊಂಡೆ. ಕೊನೆಗೆ ಕತ್ತರಿಯನ್ನು ಕೈಯಲ್ಲಿ ಹಿಡಿದು ನೋಡಿದರೆ ಅದರ ಲಾಕು ಸವೆದಿತ್ತು. ಒಳಗಿಟ್ಟ ಸ್ವಲ್ಪ ಹೊತ್ತಿಗೆ ಲಾಕು ಬಿಟ್ಟುಕೊಂಡು ಸ್ಪ್ರಿಂಗು ಕತ್ತರಿಯ ಎರಡು ಕಾಲುಗಳನ್ನು ಅಗಲಿಸುತ್ತಿತ್ತು. ದಿನಕ್ಕೆ ಎಂಟು ಗಂಟೆ ಸ್ಪ್ರಿಂಗು ತಳ್ಳಿದರೆ ಯಾವ ಚರ್ಮ ತಾನೇ ನಿಲ್ಲುತ್ತದೆ? ಲಾಕು ಬದಲಿಸಿದೆ. ಒರೆಯಲ್ಲಿ ದೋಷವೇ ಇರಲಿಲ್ಲ.

ಬೇಲಿ ಹಾರುವವರು, ಮರ ಹತ್ತುವವರು ಬಿಗಿತವನ್ನೇ ನಂಬಬಾರದು. ಹಿಡಿಯ ಮೇಲೆ ಒಂದು ಪಟ್ಟಿ, ಟಿಚ್ ಬಟನ್ ಇರಲಿ. ಬಟನ್ನಿನ ಒಳತಲೆ ಕತ್ತರಿಗೆ ಉಜ್ಜದಂತೆ ಒಂದು ತುಣುಕು ಚರ್ಮ ಅಂಟಿಸಿ.

ಹೊಲಿಗೆ ಕತ್ತರಿಸಿ ಹೋಗುತ್ತದೆ

ದಾರ ತುಂಡಾದ ಜಾಗ ನೋಡಿ. ಹೊರಗಡೆ ಸವೆದು ತುಂಡಾಗಿದ್ದರೆ ಹೊಲಿಗೆಯನ್ನು ಚರ್ಮದೊಳಗೆ ಗೀರು ಮಾಡಿ ಕೂರಿಸಿಲ್ಲ. ಒಳಗಡೆ ಚೊಕ್ಕವಾಗಿ ಕತ್ತರಿಸಿದ್ದರೆ ಅಲಗೇ ಕತ್ತರಿಸಿದೆ. ಇದು ಹಿತಕ್ಕಿಂತ ಸುರಕ್ಷತೆಯ ಮಾತು, ಯಾಕೆಂದರೆ ಇವತ್ತು ದಾರ ಕತ್ತರಿಸಿದ ಅಲಗು ನಾಳೆ ತೊಡೆಗೆ ಬರುತ್ತದೆ. ಎರಡು ತುಂಡುಗಳ ನಡುವೆ ಅಂಚಿನುದ್ದಕ್ಕೂ ಒಂದು ಸೆಂಟಿಮೀಟರ್ ಅಗಲದ ಚರ್ಮದ ಪಟ್ಟಿ ಇಟ್ಟು ಹೊಲಿಯಿರಿ. ಅಲಗು ಆ ಪಟ್ಟಿಗೆ ತಾಗಿ ನಿಲ್ಲುತ್ತದೆ, ದಾರದವರೆಗೆ ಹೋಗುವುದಿಲ್ಲ. ಕಸಿ ಚಾಕುವಿನ ಒರೆಗಂತೂ ಈ ನಡುಪಟ್ಟಿ ಇಲ್ಲದೆ ಹೊಲಿಯಲೇಬಾರದು.

ಹೊಲಿಗೆ ಎರಡು ಸೂಜಿಯದ್ದಾಗಿರಲಿ. ಚರ್ಮ ಚುಚ್ಚುವ ಚೂಪು ಮೊನೆಯ ಆರಿಯಲ್ಲಿ ತೂತು ಮಾಡಿ, ಒಂದೇ ದಾರದ ಎರಡು ತುದಿಯನ್ನೂ ಒಂದೇ ತೂತಿನಲ್ಲಿ ಎದುರುಬದುರು ದಾಟಿಸುವುದು. ಒಂದು ಹೊಲಿಗೆ ಕಿತ್ತರೂ ಉಳಿದದ್ದು ಬಿಚ್ಚಿಕೊಳ್ಳುವುದಿಲ್ಲ. ಮೆಷಿನ್ ಹೊಲಿಗೆಗೆ ಆ ಗುಣ ಇಲ್ಲ.

ಒಂದು ಮಳೆಗೆ ಮೆತ್ತಗಾಯಿತು

ಎಲ್ಲ ಅಳತೆ ಸರಿಯಿದ್ದೂ ಒರೆ ಜೋಲು ಬಿದ್ದರೆ ಚರ್ಮದ ಜಾತಿ ತಪ್ಪಿದೆ. ಬ್ಯಾಗು, ಜಾಕೆಟ್ಟಿಗೆ ಬಳಸುವ ಚರ್ಮ ಸಾಮಾನ್ಯವಾಗಿ ಕ್ರೋಮ್ ಹಾಕಿ ಹದ ಮಾಡಿದ್ದು. ಅದು ಮೆತ್ತಗಿರುತ್ತದೆ, ಕೊಟ್ಟ ಆಕಾರ ಹಿಡಿಯುವುದಿಲ್ಲ. ಒರೆಗೆ ಬೇಕಾದದ್ದು ತೊಗಟೆಯಲ್ಲಿ ಹದ ಮಾಡಿದ ಚರ್ಮ. ಅಂಗಡಿಯಲ್ಲಿ ವೆಜ್ ಟ್ಯಾನ್ ಅಂತ ಕೇಳಿ.

ಮಾತು ನಂಬಬೇಡಿ, ಕತ್ತರಿಸಿದ ಅಂಚು ನೋಡಿ. ನಡುವೆ ಬೂದು ನೀಲಿ ಛಾಯೆ ಇದ್ದರೆ ಕ್ರೋಮ್. ಇಡೀ ಅಂಚು ಕಂದು ಇದ್ದರೆ ತೊಗಟೆಯದ್ದು. ಬಣ್ಣ ಹಾಕಿ ಮುಚ್ಚಿದ್ದರೆ ಒಂದು ಚೂರು ಸುಟ್ಟು ನೋಡಿ. ಕ್ರೋಮ್ ಚರ್ಮದ ಬೂದಿಗೆ ಹಸಿರು ಛಾಯೆ ಇರುತ್ತದೆ. ಮೇಲ್ಮೈಗೆ ಒಂದು ಹನಿ ನೀರು ಬಿಟ್ಟರೆ, ಬಣ್ಣ ಮೇಣ ಹಚ್ಚದ ತೊಗಟೆ ಚರ್ಮ ಬೇಗ ಹೀರಿಕೊಂಡು ಕಪ್ಪಗಾಗುತ್ತದೆ.

ಈ ಚರ್ಮ ನಮಗೆ ಹೊಸದೇನಲ್ಲ. ಅಥಣಿ, ನಿಪ್ಪಾಣಿ ಕಡೆ ಹೊಲಿಯುವ ಕೊಲ್ಹಾಪುರಿ ಚಪ್ಪಲಿಯ ಚರ್ಮ ಜಾಲಿ ತೊಗಟೆ, ಅಳಲೆಕಾಯಿಯಲ್ಲೇ ಹದವಾಗುವುದು. ಆ ಚಪ್ಪಲಿಯ ಜಿಐ, ಅಂದರೆ ಭೌಗೋಳಿಕ ಸೂಚಕ ಮಾನ್ಯತೆಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರವೂ ಇವೆ. ತಮಿಳುನಾಡಿನ ಈಸ್ಟ್ ಇಂಡಿಯಾ ಲೆದರ್ ಅನ್ನುವುದೂ ತೊಗಟೆಯದ್ದೇ. ಹಿಂದೆ ಅದಕ್ಕೆ ತಂಗಡಿ ಗಿಡದ ತೊಗಟೆ ಹಾಕುತ್ತಿದ್ದರು.

ಸರಿಯಾದ ಚರ್ಮದಲ್ಲೂ ಸರಿಯಾದ ಭಾಗ ಬೇಕು. ಬೆನ್ನಿನ ಚರ್ಮ ಬಿಗಿ, ಹೊಟ್ಟೆಯ ಚರ್ಮ ಹಿಗ್ಗುತ್ತದೆ. ಮೇಲ್ಮೈ ಒಳಗಾಗುವಂತೆ ಬಗ್ಗಿಸಿ ನೋಡಿ. ಸಣ್ಣ ಸಣ್ಣ ಸುಕ್ಕು ಬಂದರೆ ಒಳ್ಳೆಯದು. ದೊಡ್ಡ ಸಡಿಲ ಮಡಿಕೆ ಎದ್ದರೆ ಅದು ಹೊಟ್ಟೆಯ ಕಡೆಯದ್ದು, ಒರೆಗೆ ಬೇಡ. ಕಡಿಮೆ ರೇಟಿನಲ್ಲಿ ಸಿಗುವ ತುಂಡುಗಳು ಹೆಚ್ಚಾಗಿ ಇವೇ. ದಪ್ಪ 3ರಿಂದ 3.5 ಮಿಲಿಮೀಟರ್ ಇದ್ದರೆ ಕತ್ತರಿಗೆ ಸಾಕು. ಗಟ್ಟಿ ಆಗಲಿ ಅಂತ 5 ಮಿಲಿಮೀಟರಿನದ್ದು ಹಾಕಿದರೆ ಸೊಂಟಕ್ಕೆ ಹಲಗೆ ಕಟ್ಟಿಕೊಂಡ ಹಾಗಾಗುತ್ತದೆ.

ಮಳೆಗಾಲದ ಬಿಳಿ, ಕಪ್ಪು, ತುಕ್ಕು

ಜೂನ್ ಬಂತೆಂದರೆ ಮಲೆನಾಡಿನಲ್ಲಿ ಗೋಡೆಗೂ ಬೂಷ್ಟು, ಚರ್ಮಕ್ಕೆ ಬಿಡುತ್ತದೆಯೇ? ಆದರೆ ಬಿಳಿಯದ್ದೆಲ್ಲ ಬೂಷ್ಟಲ್ಲ. ಕೊಬ್ಬರಿ ಎಣ್ಣೆ ಹಚ್ಚಿದ ಒರೆಯ ಮೇಲೆ ಚಳಿಯ ಬೆಳಿಗ್ಗೆ ಬಿಳಿ ಪದರ ಕಾಣುತ್ತದೆ. ಸುಮಾರು 24 ಡಿಗ್ರಿಗಿಂತ ಕೆಳಗೆ ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತದೆ, ಬಾಟಲಿಯಲ್ಲೂ ನೋಡಿದ್ದೀರಲ್ಲ. ಅಂಗೈಯನ್ನು ಒಂದು ನಿಮಿಷ ಅದರ ಮೇಲಿಟ್ಟು ಒತ್ತಿ. ಕರಗಿ ಮಾಯವಾದರೆ ಎಣ್ಣೆ. ಹಾಗೇ ಇದ್ದು ಮುಗ್ಗುಲು ವಾಸನೆ ಬಂದರೆ ಬೂಷ್ಟು. ಎಣ್ಣೆಯಾದರೆ ಒರೆಸಿ, ಇನ್ನು ಎಣ್ಣೆ ಹಚ್ಚಬೇಡಿ. ಬೂಷ್ಟಾದರೆ ಮನೆಯ ಹೊರಗೆ ಒಣ ಬ್ರಷ್ಷಿನಲ್ಲಿ ಉಜ್ಜಿ, ಗಾಳಿಯಾಡುವ ಕಡೆ ನೇತುಹಾಕಿ. ಒರೆಗೆ ಎಣ್ಣೆಗಿಂತ ಜೇನುಮೇಣ ಒಳ್ಳೆಯದು. ನೀರು ತಡೆಯುತ್ತದೆ, ಚರ್ಮವನ್ನು ಮೆತ್ತಗೆ ಮಾಡುವುದಿಲ್ಲ.

ಕಪ್ಪು ಕಲೆ ಬಿದ್ದರೆ ಅಲ್ಲಿ ಒದ್ದೆ ಚರ್ಮಕ್ಕೆ ಕಬ್ಬಿಣ ತಾಗಿದೆ. ತೊಗಟೆಯ ಒಗರು ಮತ್ತು ಕಬ್ಬಿಣ ಸೇರಿದರೆ ಕಪ್ಪು ಹುಟ್ಟುತ್ತದೆ. ಕಲಂಕಾರಿ ಬಟ್ಟೆಯ ಕಪ್ಪು ಗೆರೆ ಅಳಲೆಕಾಯಿ ಮತ್ತು ಕಬ್ಬಿಣದ ನೀರಿನ ಇದೇ ಆಟ. ಹೊಸ ಕಲೆಯಾದರೆ ನಿಂಬೆರಸ ಹತ್ತಿಯಲ್ಲಿ ಒತ್ತಿ, ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಮುಂದೆ ಒದ್ದೆ ಒರೆಗೆ ಆಕಾರ ಕೊಡುವಾಗ ಕತ್ತರಿಗೆ ಪ್ಲಾಸ್ಟಿಕ್ ಸುತ್ತಿ.

ಕತ್ತರಿಯೇ ತುಕ್ಕು ಹಿಡಿಯುತ್ತಿದ್ದರೆ ಒರೆಯ ತಳ ನೋಡಿ. ತೂತು ಇದೆಯಾ? ಇಲ್ಲದಿದ್ದರೆ ನೀರು ಅಲ್ಲೇ ನಿಲ್ಲುತ್ತದೆ. ಪೆನ್ಸಿಲ್ ತೂರುವಷ್ಟು ತೂತು ಮಾಡಿ. ತೂತು ಇದ್ದರೂ ರಾತ್ರಿ ಕತ್ತರಿಯನ್ನು ಒರೆಯಲ್ಲಿ ಬಿಡಬೇಡಿ. ಚರ್ಮ ತೇವ ಹಿಡಿದಿಡುತ್ತದೆ.

ಒರೆ ಸರಿ ಇದೆ, ಆದರೂ ಯಾರೂ ಹಾಕಿಕೊಳ್ಳುವುದಿಲ್ಲ

ಇದನ್ನು ಕೊನೆಗೆ ಇಟ್ಟದ್ದಕ್ಕೆ ಕಾರಣ ಇದೆ. ನಾನು ಇದನ್ನು ಕಂಡುಕೊಂಡದ್ದೂ ಕೊನೆಗೇ.

ತೋಟಕ್ಕೆ ಆರು ಒರೆ ಹೊಲಿದೆ. ಗಂಡಸರು ಮೂವರು ಹಾಕಿಕೊಂಡರು. ಉಳಿದ ಮೂರು ಶೆಡ್ಡಿನ ಮೊಳೆಗೆ ನೇತಾಡುತ್ತಲೇ ಇದ್ದವು. ಹೆಂಗಸರು ಕತ್ತರಿಯನ್ನು ಕೈಯಲ್ಲೇ ಹಿಡಿದು ಓಡಾಡುತ್ತಿದ್ದರು, ಇಲ್ಲವೇ ಸೊಂಟಕ್ಕೆ ಸಿಕ್ಕಿಸುತ್ತಿದ್ದರು. ಅದು ಇನ್ನೂ ಅಪಾಯ. ಒಂದು ದಿನ ಅಲ್ಲಿ ಕೆಲಸ ಮಾಡುವ ಅಕ್ಕನನ್ನು ಕೇಳಿದೆ, "ಯಾಕಕ್ಕಾ, ಒರೆ ನೋಯುತ್ತಾ?"

"ನೋಯೋದಕ್ಕೆ ಹಾಕ್ಕೋಬೇಕಲ್ಲಣ್ಣ" ಅಂದರು. "ಬೆಲ್ಟ್ ಎಲ್ಲಿದೆ ನಮ್ಗೆ?"

ಸೀರೆ, ಮೇಲೊಂದು ಗಂಡಸರ ಶರ್ಟು, ಸೊಂಟಕ್ಕೆ ಸುತ್ತಿದ ಗೋಣಿ, ಅದರ ಮೇಲೊಂದು ಹಗ್ಗ. 40 ಮಿಲಿಮೀಟರಿನ ನನ್ನ ಸೀಳಿಗೆ ತೂರಿಸಲು ಅಲ್ಲಿ ಏನೂ ಇರಲಿಲ್ಲ. ಹಗ್ಗ ತೂರಿಸಿದರೆ ಒರೆ ಗಿರಗಿರನೆ ತಿರುಗುತ್ತದೆ, ಅದು ಅವರಿಗೆ ಗೊತ್ತಿತ್ತು, ನೋಡಿ ಬಿಟ್ಟಿದ್ದರು.

ಮಂಚಕ್ಕೆ ಹೆಣೆಯುವ ನವಾರಿನ ಪಟ್ಟಿ ತಂದೆ. ಎರಡೂವರೆ ಇಂಚು ಅಗಲ, ಹತ್ತಿಯದ್ದು. ಬೆವರು ಹೀರುತ್ತದೆ, ಒಗೆಯಬಹುದು. ಬಕಲ್ಲು ಹಾಕಲಿಲ್ಲ. ಬಾಗಿದಾಗ ಹೊಟ್ಟೆಗೆ ಒತ್ತುತ್ತದೆ. ಬದಲಿಗೆ ಎರಡು ರಿಂಗು ಹೊಲಿದು, ಪಟ್ಟಿಯ ತುದಿಯನ್ನು ಅವುಗಳಲ್ಲಿ ಹಿಂದೆಮುಂದೆ ತೂರಿಸಿ ಎಳೆದರೆ ಬಿಗಿಯುವ ಹಾಗೆ ಮಾಡಿದೆ. ಗೋಣಿ ಇದ್ದ ದಿನ ಸಡಿಲ, ಇಲ್ಲದ ದಿನ ಬಿಗಿ. ಒರೆಯ ಹಿಂಬದಿಯಲ್ಲಿ 65 ಮಿಲಿಮೀಟರಿನ ಹೊಸ ಸೀಳು ಕೊರೆದೆ. ಸೀರೆಯ ನೆರಿಗೆ ಮುಂದೆ ಇರುವುದರಿಂದ ಒರೆಯನ್ನು ಬಲಗಡೆ ಸ್ವಲ್ಪ ಹಿಂದಕ್ಕೆ, ಗಡಿಯಾರದ ಲೆಕ್ಕದಲ್ಲಿ ಹೊಕ್ಕುಳು ಹನ್ನೆರಡಾದರೆ ನಾಲ್ಕರ ಹತ್ತಿರ ನಿಲ್ಲಿಸಿದೆವು. ಕೊಡವರು ತಮ್ಮ ಅಗಲ ಅಲಗಿನ ಒಡಿಕತ್ತಿಯನ್ನು ಬೆನ್ನ ಹಿಂದಿನ ತೊಡಂಗಿಗೆ, ಅಂದರೆ ಕೊಕ್ಕೆಗೆ, ಸಿಕ್ಕಿಸುವುದು ನೆನಪಾಯಿತು. ಇಳಿಜಾರಿನಲ್ಲಿ ಹತ್ತಿ ಇಳಿಯುವವರಿಗೆ ಮುಂದೆ ಏನೂ ಅಡ್ಡ ಇರಬಾರದು.

ಮಾರನೇ ದಿನ ಮೊಳೆಯಲ್ಲಿ ಎರಡೇ ಒರೆ ಇದ್ದವು. ಅಕ್ಕ ಸಂಜೆ ಬಂದು ಒರೆ ಬಿಚ್ಚಿ ಕೈಗಿತ್ತರು. ಸೀಮೆಸುಣ್ಣದ ಪರೀಕ್ಷೆ ಬೇಕಿರಲಿಲ್ಲ, ನವಾರಿನ ಮೇಲೆ ಬೆವರಿನ ಗುರುತು ಒಂದೇ ಸಮ ಇತ್ತು. "ಇನ್ನೆರಡಕ್ಕೂ ಪಟ್ಟಿ ಹಾಕಿಬಿಡಿ ಅಣ್ಣ" ಅಂದರು. "ಒಂದು ಮಾತ್ರ ಎಡಗಡೆಗೆ ಮಾಡಿ. ನನ್ನ ಸೊಸೆ ಎಡಚಿ."